ಬೋರಿಯ ಹೊಳೆ, ಅಮ್ಮನ ಮಾತು

ನಮ್ಮೂರಿನ ವಾಚನಾಲಯದ ಹಿಂಬದಿಯ ಕೋಣೆಯಲ್ಲಿ ತಿಂಗಳಿಗೊಮ್ಮೆ ಏಳೆಂಟು ಮಂದಿ ಕೂಡುವುದುಂಟು. ಕನ್ನಡದವರು ಕನ್ನಡದಲ್ಲಿ, ಮಲಯಾಳದವರು ಮಲಯಾಳದಲ್ಲಿ ಮಾತಾಡುತ್ತೇವೆ. ಯಾರಿಗೂ ಅರ್ಥ ಹೇಳಬೇಕಾಗಿಲ್ಲ. ಕಾಸರಗೋಡಿನ ಮಣ್ಣಿನ ಗುಣವೇ ಅದು. ಕೆಲವು ವರ್ಷಗಳ ಹಿಂದೆ ಅಂಥದೊಂದು ಸಂಜೆ ನನ್ನ ಮಲಯಾಳಿ ಗೆಳೆಯರೊಬ್ಬರು ಸ್ಪೇನಿನ ಕವಿ ಹ್ವಾನ್ ರಮೋನ್ ಹಿಮೆನೆಥ್ ಬಗ್ಗೆ ಮಾತಾಡಿದರು. ಅವರೂ ನನ್ನ ಹಾಗೆ ನಿವೃತ್ತ ಮೇಷ್ಟ್ರು. ಇಂಗ್ಲಿಷಿನಿಂದ ತಾವೇ ಮಲಯಾಳಕ್ಕೆ ಇಳಿಸಿದ ನಾಲ್ಕೈದು ಕವಿತೆಗಳನ್ನೂ ಓದಿದರು.

ಹಿಮೆನೆಥ್ ಹುಟ್ಟಿದ್ದು 1881ರಲ್ಲಿ, ಸ್ಪೇನಿನ ದಕ್ಷಿಣ ಭಾಗದ ಮೊಗೇರ್ ಎಂಬ ಸಣ್ಣ ಊರಿನಲ್ಲಿ. ತನ್ನೂರನ್ನೂ ಒಂದು ಬೂದುಬಣ್ಣದ ಕತ್ತೆಯನ್ನೂ ಕುರಿತು ಬರೆದ ಗದ್ಯಕಾವ್ಯ ಅವನನ್ನು ಮನೆಮಾತಾಗಿಸಿತು. ಅವನ ಹೆಂಡತಿ ಥೆನೋಬಿಯಾ ರವೀಂದ್ರನಾಥ ಟಾಗೋರರನ್ನು ಸ್ಪ್ಯಾನಿಷಿಗೆ ತಂದವಳು. ಆ ಅನುವಾದಗಳಲ್ಲಿ ಗಂಡನ ಕೈಯೂ ಇತ್ತು. 1936ರ ಅಂತರ್ಯುದ್ಧದಲ್ಲಿ ಇಬ್ಬರೂ ದೇಶ ಬಿಟ್ಟರು, ಮತ್ತೆ ಬದುಕಿ ಹಿಂತಿರುಗಲಿಲ್ಲ. ಅಮೆರಿಕದಲ್ಲಿ ಕೆಲಸ ಸಿಕ್ಕಿತು, ಗೌರವ ಸಿಕ್ಕಿತು. ಆದರೆ ಸುತ್ತಮುತ್ತ ತನ್ನ ಭಾಷೆ ಕೇಳಿಸದೆ ಕವಿ ಹಾಸಿಗೆ ಹಿಡಿದ. ಕೊನೆಗೆ 1951ರಲ್ಲಿ ಸ್ಪ್ಯಾನಿಷ್ ಆಡುವ ಪೋರ್ಟೊರಿಕೋ ದ್ವೀಪಕ್ಕೆ ಹೋಗಿ ನೆಲೆಸಿದ ಮೇಲೆ ಸ್ವಲ್ಪ ಚೇತರಿಸಿಕೊಂಡ. 1956ರ ಅಕ್ಟೋಬರ್ 25ಕ್ಕೆ ನೊಬೆಲ್ ಬಹುಮಾನದ ಸುದ್ದಿ ಬಂತು. ಮೂರೇ ದಿನಕ್ಕೆ ಥೆನೋಬಿಯಾ ತೀರಿಕೊಂಡಳು. ಎರಡು ವರ್ಷ ತುಂಬುವುದರೊಳಗೆ ಅವನೂ ಹೋದ.

"ಆ ವಾರವೇ ಅಲ್ಲವೇ ಮಾಷೆ, ನಮ್ಮನ್ನು ಕೇರಳಕ್ಕೆ ಸೇರಿಸಿದ್ದು? ನವೆಂಬರ್ ಒಂದು!" ಎಂದು ಗೆಳೆಯರು ನನ್ನ ಕಡೆ ನೋಡಿ ನಕ್ಕರು. ನಾನೂ ನಕ್ಕೆ. ಆ ತಾರೀಕಿಗೆ ನಾವಿಬ್ಬರೂ ಒಂದೇ ಅರ್ಥ ಕೊಡುವವರಲ್ಲ. ಆದರೆ ನಲವತ್ತು ವರ್ಷದ ಸ್ನೇಹ ಅದನ್ನೆಲ್ಲ ದಾಟಿ ಬಂದದ್ದು. ಆಮೇಲೆ ಅವರು ಕೇಳಿದರು: "ಭಾಷೆ ಕೇಳಿಸದೆ ಕಾಯಿಲೆ ಬೀಳುವ ಕವಿ. ನಮ್ಮ ಕಡೆ ಅಂಥವರು ಇದ್ದಾರೆಯೇ?"

ಬೋರಕರರ ಹೆಸರು ನನ್ನ ಬಾಯಿಗೆ ಬಂದಿತ್ತು. ಆದರೆ ಹೇಳಲಿಲ್ಲ. ಯಾಕೆ ಹೇಳಲಿಲ್ಲ ಎಂಬುದೇ ಈ ಬರಹ.

ನನ್ನ ಮನೆಮಾತು ಕೊಂಕಣಿ. ಶಾಲೆಯ ಮಾತು ಕನ್ನಡ, ಪೇಟೆಯ ಮಾತು ಮಲಯಾಳ, ಗದ್ದೆಯ ಮಾತು ತುಳು. ಸಪ್ತಭಾಷೆಗಳ ನಾಡು ಎಂದು ಸಭೆಗಳಲ್ಲಿ ನಾವು ಹೆಮ್ಮೆಪಡುವುದು ಸರಿಯೇ. ಆದರೆ ಏಳು ಭಾಷೆಗಳಿಗೂ ಒಂದೇ ಎತ್ತರದ ಪೀಠವಿಲ್ಲ. ಒಂದನೆಯ ತರಗತಿಯಲ್ಲಿ ನಾನು ನೀರಿಗೆ "ಉದ್ದಾಕ" ಅಂದದ್ದಕ್ಕೆ ತರಗತಿಯಿಡೀ ನಕ್ಕಿತ್ತು, ಮೇಷ್ಟ್ರೂ ನಕ್ಕಿದ್ದರು. ಅಂದಿನಿಂದ ಕೊಂಕಣಿಯನ್ನು ಚಪ್ಪಲಿಯ ಹಾಗೆ ಶಾಲೆಯ ಹೊರಗೆ ಬಿಟ್ಟು ಒಳಗೆ ಹೋಗುವುದು ಅಭ್ಯಾಸವಾಯಿತು. ಹೊರಗೆ ಬಿಟ್ಟದ್ದನ್ನು ಮರಳಿ ಮೆಟ್ಟಿಕೊಳ್ಳುವುದು ಮನೆಯ ಜಗಲಿಯಲ್ಲಿ ಮಾತ್ರ.

ಅಮ್ಮ ಮೂರನೆಯ ತರಗತಿಯವರೆಗೆ ಕಲಿತವರು. ಕನ್ನಡವನ್ನು ಅಕ್ಷರ ಕೂಡಿಸಿ ಓದುತ್ತಿದ್ದರು. ಆದರೆ ಕಡೆಯುವ ಕಲ್ಲಿನ ಮುಂದೆ ಕುಳಿತರೆ ಅವರ ಬಾಯಿಂದ ಹೊರಡುತ್ತಿದ್ದುದೆಲ್ಲ ಕೊಂಕಣಿಯ ಹೋವಿಗಳು. ಮದುವೆಯ ಹೋವಿ, ತೊಟ್ಟಿಲ ಹೋವಿ, ದೇವರ ಹೋವಿ. ಕಲ್ಲು ತಿರುಗಿದಂತೆ ಸಾಲು ತಿರುಗುತ್ತಿತ್ತು. ಅದು ಕವಿತೆಯೆಂದು ನನಗೆ ಯಾರೂ ಹೇಳಿರಲಿಲ್ಲ, ನನಗೂ ತೋಚಿರಲಿಲ್ಲ.

1980ರಲ್ಲಿ ಕನ್ನಡ ಎಂ.ಎ. ಓದಲು ಧಾರವಾಡಕ್ಕೆ ಹೋದೆ. ಹಾಸ್ಟೆಲಿನ ಪಕ್ಕದ ಕೋಣೆಯಲ್ಲಿ ಗೋವೆಯ ಕಾಣಕೋಣದ ಹುಡುಗನೊಬ್ಬನಿದ್ದ. ರಾತ್ರಿ ಊಟವಾದ ಮೇಲೆ ಕಟ್ಟೆಯ ಮೇಲೆ ಕುಳಿತು ಹಾಡುತ್ತಿದ್ದ. ಮೊದಲ ದಿನ ಮರಾಠಿಯೆಂದುಕೊಂಡೆ. ಎರಡನೆಯ ದಿನ ಕಿವಿ ನಿಮಿರಿತು. ಒಂದೊಂದೇ ಶಬ್ದ ನನ್ನ ಮನೆಯ ಅಡುಗೆಮನೆಯಿಂದ ಎದ್ದು ಬಂದ ಹಾಗಿತ್ತು. ನೀರು, ಮಳೆ, ತೆಂಗು, ಗೆಜ್ಜೆ, ಎಲ್ಲವೂ ಅಮ್ಮನ ಬಾಯಿಯವೇ. ಸ್ವಲ್ಪ ಬಾಲ ಕತ್ತರಿಸಿದ ಹಾಗೆ ಅಷ್ಟೆ. ನಮ್ಮ "ಪಾವಸು" ಅವನಿಗೆ "ಪಾವಸ", ನಮ್ಮ "ಉದ್ದಾಕ" ಅವನಿಗೆ "ಉದಕ". ಯಾರದು ಎಂದು ಕೇಳಿದೆ. "ಬಾಕಿಬಾಬ" ಎಂದ, ತನ್ನ ಅಜ್ಜನ ಹೆಸರು ಹೇಳುವ ಸಲಿಗೆಯಲ್ಲಿ.

ಬಾಲಕೃಷ್ಣ ಭಗವಂತ ಬೋರಕರ ಹುಟ್ಟಿದ್ದು 1910ರ ನವೆಂಬರ್ 30ರಂದು, ಝುವಾರಿ ನದಿಯ ದಂಡೆಯ ಬೋರಿ ಎಂಬ ಹಳ್ಳಿಯಲ್ಲಿ. ಅವರ ಮನೆಯಲ್ಲಿ ದಿನವೂ ಪ್ರಾರ್ಥನೆಯ ಹೊತ್ತಿಗೆ ಒಬ್ಬೊಬ್ಬರೂ ಹೊಸದೊಂದು ಅಭಂಗ ಹೇಳಬೇಕಿತ್ತಂತೆ. ಒಂದು ದಿನ ಹುಡುಗ ಕಲಿಯಲು ಮರೆತ. ಸರದಿ ಬಂದಾಗ ಅಲ್ಲೇ ಕಟ್ಟಿ ಹೇಳಿದ; ಕೊನೆಗೆ ಸಂತರು ತಮ್ಮ ಹೆಸರು ಹಾಕುವಲ್ಲಿ ತನ್ನ ಮುದ್ದುಹೆಸರು "ಬಾಕಿ" ಎಂದು ಸೇರಿಸಿದ. ಮನೆಗೆ ಬಂದಿದ್ದ ಸಾಧುವೊಬ್ಬರು, ಇವನ ನಾಲಗೆಯ ಮೇಲೆ ಸರಸ್ವತಿ ಬರೆದಿದ್ದಾಳೆ ಎಂದು ಹರಸಿದರೆಂದು ಕಥೆ. ಕೊಂಕಣಿಯಲ್ಲಿ "ಬಾಬ" ಎಂದರೆ ನಮ್ಮ "ಅವರು" ಇದ್ದ ಹಾಗೆ, ಗೌರವಕ್ಕೆ. ಹೀಗೆ ಗೋವೆಗೆಲ್ಲ ಅವರು ಬಾಕಿಬಾಬ.

ಪ್ರಾಥಮಿಕ ಓದು ಮರಾಠಿಯಲ್ಲಿ, ಆಮೇಲೆ ಸ್ವಲ್ಪ ಕಾಲ ಪೋರ್ಚುಗೀಸಿನಲ್ಲಿ. ಮೆಟ್ರಿಕ್ಕಿಗೆ ಬಂದದ್ದು ನಮ್ಮ ಧಾರವಾಡಕ್ಕೆ. 1928ರಲ್ಲಿ ಪಾಸಾಗಿ ಕರ್ನಾಟಕ ಕಾಲೇಜು ಸೇರಿದರು. ಓದು ಮುಂದುವರಿಯದೆ ಊರಿಗೆ ಮರಳಿದರು. ಗೋವೆಯಿಂದ ಧಾರವಾಡಕ್ಕೆ ಅಂದು ಇದ್ದ ರೈಲುಹಾದಿ ಘಟ್ಟದಲ್ಲಿ ದೂಧಸಾಗರದ ಅಬ್ಬಿಯ ಎದುರಿಗೇ ಹಾಯುವಂಥದು. 1947ರಲ್ಲಿ ಬಂದ ಅವರ ಸಂಕಲನದ ಹೆಸರೂ "ದೂಧಸಾಗರ". ಆ ಹೆಸರನ್ನು ಕಂಡಾಗಲೆಲ್ಲ ನನಗೆ ಆ ಹಾದಿ ನೆನಪಾಗುತ್ತದೆ.

ಊರಿಗೆ ಮರಳಿದವರು 1930ರಿಂದ 1945ರವರೆಗೆ ಶಾಲಾಮೇಷ್ಟ್ರಾದರು. ಮೊದಲ ಸಂಕಲನ "ಪ್ರತಿಭಾ" 1930ರಲ್ಲಿ, "ಜೀವನಸಂಗೀತ" 1937ರಲ್ಲಿ. ಎಲ್ಲ ಮರಾಠಿಯಲ್ಲಿ. 1946ರ ಜೂನ್ 18ರಂದು ಡಾ. ರಾಮಮನೋಹರ ಲೋಹಿಯಾ ಮಡಗಾಂವಿನಲ್ಲಿ ಸಭೆ ಸೇರಿಸಿದಾಗ ಗೋವೆ ಎಚ್ಚತ್ತಿತು. ಬೋರಕರರೂ ಅದೇ ವರ್ಷ ಮೇಷ್ಟ್ರುಗಿರಿ ಬಿಟ್ಟು ಹೋರಾಟಕ್ಕಿಳಿದರು. ಮುಂಬಯಿಗೆ ಹೋಗಿ ಹೋರಾಟದ ಪತ್ರಿಕೆಗಳನ್ನು ನಡೆಸಿದರು. 1955ರಲ್ಲಿ ಪುಣೆಯ ಆಕಾಶವಾಣಿ ಸೇರಿದರು. ಗೋವೆ ಬಿಡುಗಡೆಯಾದದ್ದು 1961ರ ಡಿಸೆಂಬರ್ 19ಕ್ಕೆ. ಆಮೇಲೆ ಪಣಜಿ ಆಕಾಶವಾಣಿಯಲ್ಲಿ 1970ರವರೆಗೆ ಇದ್ದರು.

ಇಲ್ಲಿ ಒಂದು ತಾರೀಕನ್ನು ಗಮನಿಸಬೇಕು. ಅವರ ಕೊಂಕಣಿ ಕವಿತೆಗಳ ಸಂಕಲನ "ಪಾಂಯ್ಜಣಾಂ", ಎಂದರೆ ಕಾಲ್ಗೆಜ್ಜೆಗಳು, ಬಂದದ್ದು 1960ರಲ್ಲಿ. ಕವಿಗೆ ಆಗ ಐವತ್ತು. ಮೂವತ್ತು ವರ್ಷ ಮರಾಠಿಯಲ್ಲಿ ಬರೆದು ಹೆಸರಾದ ಮೇಲೆ, ಬೋರಿಯ ಹೊಳೆಯಿಂದ ದೂರ, ಘಟ್ಟದ ಮೇಲಿನ ಪುಣೆಯಲ್ಲಿ ಕೆಲಸದಲ್ಲಿದ್ದ ಕಾಲದಲ್ಲಿ ಕೊಂಕಣಿಯ ಆ ಪುಸ್ತಕ ಹೊರಬಂತು. ದೂರವೇ ಅವರನ್ನು ತಾಯ್ನುಡಿಗೆ ಎಳೆಯಿತೆಂದು ಸಾಧಿಸಿ ಹೇಳಲಾರೆ. ಕೊಂಕಣಿಯ ಒಲವು ಅವರಿಗೆ ಮೊದಲಿಂದಲೇ ಇತ್ತು. ಆದರೂ ನನಗೆ ಹಿಮೆನೆಥ್ ಮತ್ತು ಪೋರ್ಟೊರಿಕೋ ನೆನಪಾಗುತ್ತದೆ. ಇಬ್ಬರಿಗೂ ಟಾಗೋರರೆಂದರೆ ಪ್ರಾಣ. ಇಬ್ಬರ ಊರೂ ನೀರಿನ ದಂಡೆಯದು. ಬೋರಕರರ 1965ರ ಮರಾಠಿ ಸಂಕಲನಕ್ಕೆ "ಗಿತಾರ" ಎಂದೇ ಹೆಸರು. ವೀಣೆಯ ಹೆಸರಿನ "ಚಿತ್ರವೀಣಾ" ಬಂದ ಐದು ವರ್ಷಕ್ಕೆ ಸ್ಪೇನಿನ ವಾದ್ಯ! ಗೋವೆಯ ಕ್ರೈಸ್ತರ ಮನೆಯಂಗಳದಲ್ಲಿ ಗಿತಾರವೂ ಹಿಂದೂ ಮನೆಯಂಗಳದಲ್ಲಿ ಭಜನೆಯ ತಾಳವೂ ಒಂದೇ ಗಾಳಿಯಲ್ಲಿ ಕೇಳಿಸುತ್ತವೆ ಎಂಬುದನ್ನು ಬಲ್ಲವರಿಗೆ ಇದು ಸೋಜಿಗವಲ್ಲ.

ಅವರ ಕಾವ್ಯದ ಬಗ್ಗೆ ಎರಡು ಮಾತು. ಮಳೆ, ಬೆಳದಿಂಗಳು, ತೆಂಗಿನ ತೋಟ, ಸಮುದ್ರ, ಹೆಣ್ಣಿನ ಚೆಲುವು, ಇವೆಲ್ಲ ಅವರಲ್ಲಿ ದೇವರ ಬೇರೆಬೇರೆ ಹೆಸರುಗಳ ಹಾಗೆ ಬರುತ್ತವೆ. ಶೃಂಗಾರಕ್ಕೂ ಭಕ್ತಿಗೂ ನಡುವೆ ಅವರು ಗೋಡೆ ಕಟ್ಟಲಿಲ್ಲ. ಕಟ್ಟು ಮಾತ್ರ ಅಭಂಗದ್ದು, ಓವಿಯದ್ದು, ಜನಪದ ಹಾಡಿನದ್ದು. ಸಭೆಗಳಲ್ಲಿ ಅವರು ಕವಿತೆ ಓದುತ್ತಿರಲಿಲ್ಲ, ಹಾಡುತ್ತಿದ್ದರು. ಅವರು ತೀರಿಕೊಂಡ ಮೇಲೆ ಮರಾಠಿಯ ಪು.ಲ. ದೇಶಪಾಂಡೆ ಮತ್ತು ಸುನೀತಾ ದೇಶಪಾಂಡೆ ದಂಪತಿಗಳು ಆ ಕವಿತೆಗಳನ್ನು ವೇದಿಕೆಯ ಮೇಲೆ ವಾಚನ ಮಾಡಿ ತಲೆದೂಗಿಸಿದರು. ಆಕ್ಷೇಪಣೆ ಇಲ್ಲದಿಲ್ಲ. ಅವರ ಸಮವಯಸ್ಕರಾದ ಮರ್ಢೇಕರರು ಮರಾಠಿ ಕವಿತೆಯನ್ನು ನಗರದ ಕತ್ತಲಿಗೆ, ಯುದ್ಧೋತ್ತರದ ನಿರಾಶೆಗೆ ತಿರುಗಿಸಿದ ಕಾಲದಲ್ಲಿ ಬೋರಕರರು ಬೆಳದಿಂಗಳಲ್ಲೇ ಉಳಿದರು, ಸಿಹಿ ಹೆಚ್ಚಾಯಿತು ಎಂಬವರಿದ್ದಾರೆ. ನಮ್ಮಲ್ಲೂ ಅಡಿಗರು ಬಂದ ಮೇಲೆ ಬೇಂದ್ರೆಯವರ ಬಗ್ಗೆ ಇಂಥ ಮಾತು ಕೇಳಿಬಂದದ್ದುಂಟು. ಆಕ್ಷೇಪಣೆಯಲ್ಲಿ ಸ್ವಲ್ಪ ಸತ್ಯವಿದೆ. ಆದರೆ ಬೆಳದಿಂಗಳಲ್ಲಿ ಉಳಿದವರು ಹೋರಾಟಕ್ಕೆ ಇಳಿದು, ಕೈಯಲ್ಲಿದ್ದ ಉದ್ಯೋಗ ಬಿಟ್ಟು ಊರು ತೊರೆದವರೂ ಹೌದು ಎಂಬುದನ್ನು ಮರೆಯಬಾರದು.

1981ರಲ್ಲಿ, ನಾನು ಧಾರವಾಡದಲ್ಲಿದ್ದಾಗಲೇ, ಅವರ ಕೊಂಕಣಿ ಸಂಕಲನ "ಸಾಸಾಯ"ಕ್ಕೆ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಅಕಾಡೆಮಿ ಕೊಂಕಣಿಯನ್ನು ಸ್ವತಂತ್ರ ಸಾಹಿತ್ಯಭಾಷೆಯೆಂದು ಒಪ್ಪಿದ್ದೇ 1975ರಲ್ಲಿ. ಗೋವೆಯ ಹುಡುಗ ಹಾಸ್ಟೆಲಿನಲ್ಲಿ ಎಲ್ಲರಿಗೂ ಪೇಡೆ ಹಂಚಿದ. ಅದೇ ವರ್ಷ ಅಕ್ಟೋಬರಿನಲ್ಲಿ ಬೇಂದ್ರೆಯವರು ತೀರಿಕೊಂಡಿದ್ದರು. ಮನೆಯಲ್ಲಿ ಮರಾಠಿ ಆಡುತ್ತ ಕನ್ನಡದ ಕವಿಯಾದವರು ಬೇಂದ್ರೆ. ಮನೆಯಲ್ಲಿ ಕೊಂಕಣಿ ಆಡುತ್ತ ಮರಾಠಿಯ ಕವಿಯಾದವರು ಬೋರಕರ. ಮನೆಯಲ್ಲಿ ಕೊಂಕಣಿ ಆಡುತ್ತ ಕನ್ನಡದ ಕವಿಯಾದವರು ನಮ್ಮ ಮಂಜೇಶ್ವರದ ಗೋವಿಂದ ಪೈಗಳು. ಈ ಕರಾವಳಿಯ ಉದ್ದಕ್ಕೂ ಹೀಗೆ ಒಂದು ಒಲೆಯ ಬೆಂಕಿಯಿಂದ ಇನ್ನೊಂದು ಒಲೆ ಹೊತ್ತಿದೆ. ಅದರಲ್ಲಿ ತಪ್ಪೇನೂ ಇಲ್ಲ. ಕನ್ನಡ ನನಗೆ ಅನ್ನ ಕೊಟ್ಟಿದೆ, ಬುದ್ಧಿ ಕೊಟ್ಟಿದೆ. ನಾನು ಅದರ ಋಣಿ.

ತಪ್ಪು ನನ್ನದು ಬೇರೆ. 1988ರಲ್ಲಿ ನನ್ನದೊಂದು ಕನ್ನಡ ಕವನ ಸಂಕಲನ ಬಂತು. ಪ್ರತಿಯನ್ನು ಅಮ್ಮನ ಕೈಗೆ ಕೊಟ್ಟೆ. ಕಾಲು ಮುಟ್ಟಿದೆ. ಅವರು ಪುಸ್ತಕವನ್ನು ದೇವರ ಮುಂದಿಟ್ಟು, ಅರಿಶಿನ ಕುಂಕುಮ ಹಚ್ಚಿ, ಸಂಜೆ ಕನ್ನಡಕ ಹಾಕಿಕೊಂಡು ಎರಡು ಪುಟ ಓದಿದರು. ಆಮೇಲೆ ನನ್ನನ್ನು ಕರೆದು ಕೇಳಿದರು: "ಇದನ್ನು ನಮ್ಮ ಮಾತಿನಲ್ಲಿ ಬರೆಯಲು ಆಗುವುದಿಲ್ಲವೇ ಮಗಾ?"

"ನಮ್ಮ ಮಾತಿನಲ್ಲಿ ಕವಿತೆ ಬರುವುದಿಲ್ಲ ಅಮ್ಮ" ಎಂದೆ.

ಧಾರವಾಡದ ಕಟ್ಟೆಯ ಮೇಲೆ ಎರಡು ವರ್ಷ ಬೋರಕರರನ್ನು ಕೇಳಿ ಬಂದವನು ನಾನು. ಬರುತ್ತದೆಂದು ಗೊತ್ತಿದ್ದೇ ಬರುವುದಿಲ್ಲ ಎಂದೆ. ನನಗೆ ಬರುವುದಿಲ್ಲ ಎಂದಿದ್ದರೆ ಸುಳ್ಳಾಗುತ್ತಿರಲಿಲ್ಲ. ತಪ್ಪನ್ನು ಭಾಷೆಯ ಮೇಲೆ ಹೊರಿಸಿದೆ. ಅಮ್ಮ "ಹೌದಾ" ಎಂದರು, ಪುಸ್ತಕವನ್ನು ಕಪಾಟಿನಲ್ಲಿಟ್ಟರು, ಅಕ್ಕಿ ಕಡೆಯಲು ಹೋದರು. ಆ ಹೊತ್ತಿಗೆ ಮನೆಗೆ ಮಿಕ್ಸಿ ಬಂದಿತ್ತು. ಆದರೂ ದೋಸೆಗೆ ಕಲ್ಲೇ ಆಗಬೇಕೆಂಬುದು ಅವರ ಹಟ. ಕಡೆಯುತ್ತ ಹೋವಿ ಹೇಳಿದರೋ ಇಲ್ಲವೋ ನಾನು ಗಮನಿಸಲಿಲ್ಲ.

ಮಕ್ಕಳು ಶಾಲೆಗೆ ಹೋಗುವ ಹೊತ್ತಿಗೆ ನಾನೂ ಹೆಂಡತಿಯೂ ಮನೆಯಲ್ಲಿ ಅವರೊಡನೆ ಕನ್ನಡವೇ ಆಡತೊಡಗಿದೆವು. ನನ್ನ ಹಾಗೆ ಅವರನ್ನು ಯಾರೂ ನಗದಿರಲಿ ಎಂಬ ಕಾಳಜಿ. ಅಮ್ಮ ಮೊಮ್ಮಕ್ಕಳೊಡನೆ ತಮ್ಮ ಕೊಂಕಣಿ ಬೆರೆತ ಕನ್ನಡದಲ್ಲಿ ಮಾತಾಡುತ್ತಿದ್ದರು. 2014ರಲ್ಲಿ ಅವರಿಗೆ ಪಾರ್ಶ್ವವಾಯು ಬಡಿಯಿತು. ಮಾತು ಮರಳಿ ಬಂದಾಗ ಕನ್ನಡ ಬರಲಿಲ್ಲ, ಕೊಂಕಣಿಯಷ್ಟೇ ಬಂತು. ಬೆಂಗಳೂರಿನಿಂದ ಬಂದ ನನ್ನ ಮಗಳು ಅಜ್ಜಿಯ ಹಾಸಿಗೆಯ ಬಳಿ ಕುಳಿತು, "ಪಪ್ಪ, ಅಜ್ಜಿ ಏನೋ ಕೇಳ್ತಿದ್ದಾರೆ, ಏನದು?" ಎಂದು ನನ್ನನ್ನು ಕರೆಯುತ್ತಿದ್ದಳು. ಅಜ್ಜಿ ಕೇಳುತ್ತಿದ್ದುದು ಬರೇ ನೀರು. ಉದ್ದಾಕ.

ನಾನು ಯಾವ ಶಬ್ದಕ್ಕೆ ನಾಚಿದ್ದೆನೋ ಅದೇ ಶಬ್ದ ಕೊನೆಗೆ ಅವರ ಬಾಯಲ್ಲಿ ಉಳಿದಿತ್ತು. 2016ರ ಮಳೆಗಾಲದಲ್ಲಿ ಅಮ್ಮ ತೀರಿಕೊಂಡರು.

ವರ್ಷಾಂತಿಕ ಮುಗಿಸಿ ಕುಲದೇವರ ದರ್ಶನಕ್ಕೆಂದು ಗೋವೆಗೆ ಹೊರಟೆವು. ಹೆಂಡತಿ, ಮಗಳು, ನಾನು. ನಮ್ಮವರಿಗೆಲ್ಲ ಗೋವೆಯೆಂದರೆ ಫೋಂಡಾ ತಾಲೂಕು. ಮ್ಹಾರ್ದೋಳದ ಮ್ಹಾಳಸೆ, ಮಂಗೇಶಿಯ ಮಂಗೇಶ, ಕವಳೆಯ ಶಾಂತಾದುರ್ಗೆ. ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರು ಸಾಷ್ಟಿಯ ದೇವಸ್ಥಾನಗಳನ್ನು ಕೆಡವಿದಾಗ ಜನ ದೇವರನ್ನು ಹೊತ್ತು ಹೊಳೆ ದಾಟಿ ಅವರ ಆಳ್ವಿಕೆಯ ಹೊರಗಿದ್ದ ಈ ಕಡೆಗೆ ಬಂದರು. ದೇವರು ಅಲ್ಲಿ ನಿಂತರು. ನಮ್ಮ ಹಿರಿಯರು ನಿಲ್ಲದೆ ತೆಂಕಣಕ್ಕೆ ಬಂದರು, ಹೊನ್ನಾವರ, ಮಂಗಳೂರು, ಕುಂಬಳೆ, ಕೊಚ್ಚಿಯವರೆಗೂ. ಹೊತ್ತು ತಂದ ಸಾಮಾನಿನಲ್ಲಿ ಕೊನೆಯವರೆಗೆ ಕಳೆಯದೆ ಉಳಿದದ್ದು ಈ ಮಾತು ಒಂದೇ. ಅದನ್ನು ಕಳೆದವನು ನಾನು, ಮನೆಯ ಜಗಲಿಯಲ್ಲೇ.

ಕೊಂಕಣ ರೈಲಿನಲ್ಲಿ ಮಡಗಾಂವಿಗಿಳಿದು ಟ್ಯಾಕ್ಸಿ ಹಿಡಿದೆವು. ಫೋಂಡಾದ ದಾರಿಯಲ್ಲಿ ಝುವಾರಿಯ ಸೇತುವೆ ದಾಟಿದೊಡನೆ ಫಲಕ ಕಂಡಿತು: ಬೋರಿ. ನಿಲ್ಲಿಸಲು ಹೇಳಿದೆ. "ಇಲ್ಲಿ ಏನಿದೆ?" ಎಂದಳು ಮಗಳು. ಒಬ್ಬ ಕವಿಯ ಊರು ಎಂದೆ. ಇಳಿದು ಹೊಳೆಯ ಕಡೆ ಸ್ವಲ್ಪ ದೂರ ನಡೆದೆವು. ನಮ್ಮ ಚಂದ್ರಗಿರಿಯ ಹಾಗೆಯೇ, ಆದರೆ ಅಗಲ ಹೆಚ್ಚು. ದಂಡೆಯ ತೆಂಗುಗಳು ನೀರಿನ ಕಡೆ ಬಾಗಿದ್ದವು. ಹಿಮೆನೆಥ್‌ಗೆ ಮೊಗೇರ್ ಹೇಗೋ, ನಮ್ಮ ಬೆಳ್ಳಿಕೋತಿನ ಮಹಾಕವಿ ಪಿ. ಕುಞ್ಞಿರಾಮನ್ ನಾಯರರಿಗೆ ಕೇರಳದ ಹೊಳೆ ಗದ್ದೆಗಳು ಹೇಗೋ, ಹಾಗೆ ಬೋರಕರರಿಗೆ ಈ ನೀರು. ಅವರು 1984ರ ಜುಲೈ 8ರಂದು ಪುಣೆಯಲ್ಲಿ ತೀರಿಕೊಂಡರು. ಅದೇ ವರ್ಷದ ಮೇ ತಿಂಗಳಲ್ಲಿ ನಮ್ಮ ಕಾಸರಗೋಡು ಜಿಲ್ಲೆಯಾಗಿತ್ತು. ಆ ಗದ್ದಲದಲ್ಲಿ ಬೋರಕರರ ಸಾವು ನನ್ನ ಗಮನಕ್ಕೇ ಬಂದಿರಲಿಲ್ಲ.

ದಾರಿಬದಿಯ ಅಂಗಡಿಯಲ್ಲಿ ಚಹಾ ಕುಡಿದೆವು. ಅಂಗಡಿಯ ಮುದುಕಿ ಎಲ್ಲಿಯವರೆಂದು ಕೇಳಿದರು. ಕಾಸರಗೋಡು ಎಂದೆ, ಕೊಂಕಣಿಯಲ್ಲಿ. ಅಮ್ಮ ಹೋದ ಮೇಲೆ ಅಷ್ಟುದ್ದ ಕೊಂಕಣಿ ಆಡಿದ್ದು ಅದೇ ಮೊದಲು. ಮುದುಕಿ ಕೈಯಲ್ಲಿದ್ದ ಲೋಟ ಹಾಗೇ ಹಿಡಿದು ನನ್ನ ಬಾಯನ್ನೇ ನೋಡಿದರು. ಆಮೇಲೆ ಏನೋ ಹೇಳಿ ನಕ್ಕರು. ತರಗತಿಯ ನಗುವಲ್ಲ ಅದು.

"ಏನಂದ್ರು ಪಪ್ಪ?" ಎಂದಳು ಮಗಳು.

"ನೀವು ಆಡುವುದು ನನ್ನ ಅಜ್ಜಿಯ ಮಾತಿನ ಹಾಗೆ ಇದೆ ಎಂದರು" ಎಂದು ಅನುವಾದ ಮಾಡಿ ಹೇಳಿದೆ. ನನ್ನ ಅಜ್ಜಿಯ ಮಾತನ್ನು ನನ್ನ ಮಗಳಿಗೆ ಕನ್ನಡಕ್ಕೆ ತಿರುಗಿಸಿ ಹೇಳಬೇಕಾಗಿ ಬಂದದ್ದು ಆ ಹೊತ್ತಿನಲ್ಲಿ ಎಲ್ಲಿಯೋ ತಾಗಿತು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಜ್ಜಿ ಹಾಡ್ತಿದ್ದದ್ದು ನಿಮಗೆ ನೆನಪಿದೆಯಾ?" ಎಂದಳು. ನೆನಪಿಸಿಕೊಳ್ಳಲು ನೋಡಿದೆ. ರಾಗವಿತ್ತು. ಸಾಲುಗಳು ಅರ್ಧಕ್ಕೆ ನಿಂತವು.

1967ರ ಜನವರಿ 16ರಂದು ಗೋವೆಯ ಜನರ ಮುಂದೆ, ಮಹಾರಾಷ್ಟ್ರಕ್ಕೆ ಸೇರಬೇಕೇ ಬೇಡವೇ ಎಂಬ ಪ್ರಶ್ನೆಯಿಟ್ಟು ಮತ ಕೇಳಿದರು. ಬೇಡ ಎಂದವರು 34,021 ಮತಗಳಿಂದ ಗೆದ್ದರು. ಕೊಂಕಣಿ ಮರಾಠಿಯ ಒಂದು ಉಪಭಾಷೆಯೇ, ಅಲ್ಲವೇ ಎಂಬುದು ಅಂದಿನ ದೊಡ್ಡ ಜಗಳ. ಮರಾಠಿಯಲ್ಲಿ ಹೆಸರು ಗಳಿಸಿದ ಬೋರಕರರು ಕೊಂಕಣಿ ಸ್ವತಂತ್ರ ಭಾಷೆಯೆಂದೇ ಹೇಳಿದವರು. ಮರಾಠಿಯನ್ನು ಬಿಡಲೂ ಇಲ್ಲ. 1981ರ "ಕಾಂಚನಸಂಧ್ಯಾ" ಮರಾಠಿಯದೇ. ಮುಂದೆ 1987ರಲ್ಲಿ ಕೊಂಕಣಿ ಗೋವೆಯ ಆಡಳಿತ ಭಾಷೆಯಾಯಿತು, 1992ರಲ್ಲಿ ಸಂವಿಧಾನದ ಎಂಟನೆಯ ಪರಿಚ್ಛೇದ ಸೇರಿತು. ಗಡಿಯ ನಾವು ಒಂದು ಭಾಷೆಯನ್ನು ಪ್ರೀತಿಸಲು ಇನ್ನೊಂದನ್ನು ತಳ್ಳಬೇಕೆಂಬ ವಾದವನ್ನು ಎಷ್ಟು ಸಲ ಕೇಳಿಲ್ಲ! ಬೋರಕರರು ಎರಡು ಭಾಷೆಗಳಲ್ಲಿ ಬರೆದು ಅದಕ್ಕೆ ಉತ್ತರ ಕೊಟ್ಟರು. ನಾನು ಒಂದರಲ್ಲೇ ಬರೆದು ಇನ್ನೊಂದನ್ನು ಅವಮಾನಿಸಿದೆ. ನಮ್ಮಿಬ್ಬರ ನಡುವಿನ ಅಂತರ ಕೇವಲ ಪ್ರತಿಭೆಯದಲ್ಲ.

ಊರಿಗೆ ಬಂದ ಮೇಲೆ ಒಂದು ನೋಟುಪುಸ್ತಕ ತೆಗೆದೆ. ಅಮ್ಮನ ತಂಗಿ, ನನ್ನ ಚಿಕ್ಕಮ್ಮ, ಮಂಜೇಶ್ವರದಲ್ಲಿದ್ದಾರೆ. ವಯಸ್ಸು ಎಂಬತ್ತು ದಾಟಿದೆ. ಅವರ ಬಳಿ ಕುಳಿತು ಹೋವಿಗಳನ್ನು ಕನ್ನಡ ಲಿಪಿಯಲ್ಲಿ ಬರೆದುಕೊಳ್ಳತೊಡಗಿದೆ. ಗೋವೆಯವರು ದೇವನಾಗರಿಯಲ್ಲೋ ರೋಮನ್ನಿನಲ್ಲೋ ಬರೆಯುತ್ತಾರೆ, ಕೊಚ್ಚಿಯ ಕಡೆಯವರು ಮಲಯಾಳ ಲಿಪಿಯಲ್ಲಿ ಬರೆಯುವುದುಂಟು. ನನ್ನ ಕೈಗೆ ಬರುವುದು ಕನ್ನಡ. ಚಿಕ್ಕಮ್ಮನಿಗೂ ಕಲ್ಲಿನ ಮುಂದೆ ಕುಳಿತರೇ ಸಾಲು ನೆನಪಾಗುವುದು. ಮೊದಲ ದಿನ ಅವರು ಸೊಸೆಯಿಂದ ಹಿಡಿ ಅಕ್ಕಿ ತರಿಸಿ, ಬರಿದೇ ಕಲ್ಲು ತಿರುಗಿಸಿ ಹಾಡಿದರು. ಈವರೆಗೆ ನಲವತ್ತೊಂದು ಹೋವಿ ಸಿಕ್ಕಿದೆ. ನನ್ನದೇ ಎಂದು ಕೊಂಕಣಿಯಲ್ಲಿ ಬರೆದದ್ದು ಹನ್ನೆರಡು ಸಾಲು. ಒಳ್ಳೆಯದಿಲ್ಲ. ಮಗಳಿಗೆ ಫೋನಿನಲ್ಲಿ ಓದಿ ಹೇಳಿದೆ. ನಾಲ್ಕು ಶಬ್ದ ಅರ್ಥವಾಯಿತಂತೆ.

ಮೊನ್ನೆಯ ಕೂಟದಲ್ಲಿ ಮಲಯಾಳಿ ಗೆಳೆಯರಿಗೆ ಇದನ್ನೆಲ್ಲ ಹೇಳಿದೆ. ಅಂದು ಅವರು ಕೇಳಿದ ಪ್ರಶ್ನೆಗೆ ತಡವಾಗಿ ಕೊಟ್ಟ ಉತ್ತರ. ಅವರು ಕೇಳಿ, "ಮಾಷೆ, ನಮ್ಮ ವಾರ್ಷಿಕದಲ್ಲಿ ಎಡಕ್ಕೆ ಕನ್ನಡ, ಬಲಕ್ಕೆ ಮಲಯಾಳ. ನಡುವೆ ಒಂದು ಪುಟ ಹಾಕಲು ಜಾಗವಿಲ್ಲವೇ?" ಎಂದರು. ತುಳು, ಬ್ಯಾರಿ, ಕೊಂಕಣಿ, ಮರಾಠಿ ಮನೆಮಾತಿನ ಎಷ್ಟೋ ಮಂದಿ ಇದೇ ಪುಟಗಳಲ್ಲಿ ಕನ್ನಡ ಮಲಯಾಳಗಳಲ್ಲಿ ಬರೆಯುತ್ತಿದ್ದಾರೆ. ಸಂಪಾದಕರು ಮನಸ್ಸು ಮಾಡಿದರೆ ಮುಂದಿನ ಸಂಚಿಕೆಗೆ ಅಮ್ಮನ ಒಂದು ಹೋವಿಯನ್ನು ಕಳಿಸುತ್ತೇನೆ. ತೊಟ್ಟಿಲ ಹೋವಿ. ಪೂರ್ತಿ ಸಿಕ್ಕಿದೆ.